ದಿನಾ ಬ್ಯಾಕಪ್ ತೊಗೊಂಡ್ರೂ ಹಾರ್ಡ್ ಡಿಸ್ಕ್ ಯಾಕ ತುಂಬಲ್ಲ?

ನಮಸ್ಕಾರ್ರಿ ಎಲ್ಲಾರಿಗೂ, ಬೀದರ್‌ನಿಂದ ನಾನು. ಬಸವಕಲ್ಯಾಣದಾಗ ಫೋಟೋ ಸ್ಟುಡಿಯೋ ಇಟ್ಟವ್ರೊಬ್ರು ಕೇಳ್ಯಾರ, "ಅಣ್ಣಾ, ನನ್ನ ಹತ್ರ 800 ಜಿಬಿ ಅದ, ದಿನಾ ರಾತ್ರಿ ಬ್ಯಾಕಪ್ ತೊಗೋರಿ ಅಂತೀರಿ, 2 ಟಿಬಿ ಡಿಸ್ಕು ಮೂರನೇ ದಿನಕ್ಕೇ ತುಂಬಿ ಹೋಗಲ್ಲೇನು?" ಲೆಕ್ಕ ಹಚ್ಚಿದ್ರ ಖರೇನೇ ಅನಸ್ತದ.

ಬೇಸಿಕ್ ಜಲ್ದಿ ಮುಗಸ್ತೀನಿ. ಅಲಮಾರಿ ಮ್ಯಾಲ ಧೂಳ್ ತಿನ್ಲಾಕತ್ತಿದ್ದ ಹಳೇ ಲ್ಯಾಪ್‌ಟಾಪ್, ಅದಕ್ಕ ಲಿನಕ್ಸ್, ಒಂದು ಯುಎಸ್‌ಬಿ ಡಿಸ್ಕು, ರೂಟರಿಗೆ ಕೇಬಲ್. ಬ್ಯಾಕಪ್ಪೆಲ್ಲಾ ಈ ಡಿಸ್ಕಿಗೇ ಬಂದು ಕೂಡ್ತದ. ಉಳಿದ ಕಂಪ್ಯೂಟರ್‌ಗಳಾಗ ರೆಸ್ಟಿಕ್ ಅಂತ ಬ್ಯಾಕಪ್ ತೊಗೊಳ್ಳೋ ಫ್ರೀ ಸಾಫ್ಟ್‌ವೇರ್ ಹಾಕ್ರಿ. ದಿನಾ ತಾನೇ ನಡೀಲಿ ಅಂದ್ರ ಲಿನಕ್ಸ್‌ನಾಗ ಕ್ರಾನ್, ವಿಂಡೋಸ್‌ನಾಗ ಟಾಸ್ಕ್ ಷೆಡ್ಯೂಲರ್. ಲ್ಯಾಪ್‌ಟಾಪೇ ಯಾಕ ಅಂದ್ರ ಬ್ಯಾಟ್ರಿ ಇರ್ತದ, ನಮ್ಮ ಕಡಿ ಕರೆಂಟಿನ ಬಗ್ಗೆ ನಾ ಏನೂ ಮಾತಾಡಲ್ಲ.

ಈಗ ಮಜಾ ಇರೋದು ಇಲ್ಲೇ ನೋಡ್ರಿ. ಒಂದು ತಾಳೆಗರಿ ಕಟ್ಟು ಅದ ಅಂತ ತಿಳ್ಕೋರಿ, ಬಸವಣ್ಣನ ವಚನ, ಸಾಲು ಬಿಡದೇ ಒಂದೇ ಸಮ ಬರದಾರ. ಇದನ್ನ 500 ಅಕ್ಷರಕ್ಕೊಂದು ತುಂಡ್ ಮಾಡಿ ಇಟ್ರಿ. ನಾಳಿ ಯಾರೋ ಎಲ್ಲಕ್ಕಿಂತ ಮುಂದ 'ಶ್ರೀ' ಅಂತ ಒಂದೇ ಅಕ್ಷರ ಸೇರಸಿದ್ರು. ಮುಗೀತು! ಎಲ್ಲಾ ತುಂಡೂ ಒಂದೊಂದ್ ಅಕ್ಷರ ಸರದು ನಿನ್ನಿದಕ್ಕೂ ಇವತ್ತಿಂದಕ್ಕೂ ಒಂದೂ ತಾಳೆ ಆಗಲ್ಲ, ಕಂಪ್ಯೂಟರ್ ಇಡೀ ಕಟ್ಟು ಹೊಸದೇ ಅಂತ ಮತ್ತ ಕಾಪಿ ಹೊಡೀತದ. ಅದರ ಬದ್ಲಿ ಎಣಸೋದು ಬಿಟ್ಟು 'ಕೂಡಲಸಂಗಮದೇವಾ' ಅಂತ ಬಂದಲ್ಲೆಲ್ಲಾ ಕತ್ರಿ ಹಾಕ್ರಿ. ಈಗ 'ಶ್ರೀ' ಸೇರಿದ್ರ ಮೊದಲ್ನೇ ವಚನದ ತುಂಡಷ್ಟೇ ಬದಲಾತು, ಉಳಿದವು ಇದ್ದಂಗೇ ಅವ!

ರೆಸ್ಟಿಕ್ ಮಾಡೋದು ಇದನ್ನೇ. ಫೈಲಿನ ಮ್ಯಾಲ 64 ಬೈಟಿನ ಕಿಟಕಿ ಸರಸ್ಕೋತ ಹೋಗ್ತದ, ಅದರಾಗ ಕಂಡದ್ದರ ಲೆಕ್ಕ ಒಂದು ಗೊತ್ತುಮಾಡಿದ ನಮೂನಿಗೆ ಕೂಡ್ತೋ, ಅದೇ ಅಂಕಿತ, ಅಲ್ಲಿ ಕಟ್. ತುಂಡು ಸರಾಸರಿ 1 ಎಂಬಿ. ಅಂಥದೇ ತುಂಡು ಮೊದ್ಲೇ ಇದ್ರ ಮತ್ತ ಇಡಲ್ಲ.

ನಂಗ ಭಾಳ ಸೇರಿದ್ದು ಇನ್ನೊಂದದ. ಆ ಲೆಕ್ಕದ ಸೂತ್ರ ಪ್ರತಿ ರೆಪಾಸಿಟರಿಗೂ, ಅಂದ್ರ ರೆಸ್ಟಿಕ್ ಬ್ಯಾಕಪ್ ಇಡೋ ಪ್ರತಿ ಖಜಾನಿಗೂ, ಬ್ಯಾರೆ! ಅಕ್ಕಗ ಚೆನ್ನಮಲ್ಲಿಕಾರ್ಜುನ, ಅಲ್ಲಮಗ ಗುಹೇಶ್ವರ ಇದ್ದಂಗ ನಿಮ್ಮ ಡಿಸ್ಕಿಗೂ ಅದರದೇ ಅಂಕಿತ. ಎಲ್ಲರದೂ ಒಂದೇ ಇದ್ದಿದ್ರ, ರೆಸ್ಟಿಕ್ ಎಇಎಸ್-256 ಅನ್ನೋ ಗುಪ್ತಲಿಪಿ ಬೀಗ ಹಾಕಿದ್ರೂ ತುಂಡುಗಳ ಅಳತಿ ನೋಡೇ ಇವ್ರ ಹತ್ರ ಇಂಥಾ ಫೈಲ್ ಅದ ಅಂತ ಯಾರರ ಪತ್ತೆ ಹಚ್ತಿದ್ರು. ಯಾರ ತಲಿ ಇದು, ಕೈ ಮುಗೀಬೇಕು.

ಅಂದ್ರ ಸ್ಟುಡಿಯೋ ಅಣ್ಣಾ, 800 ಜಿಬಿ ಹೋಗೋದು ಮೊದಲ್ನೇ ಸಲ ಅಷ್ಟೇ, ಆಮ್ಯಾಲ ಹೊಸಾ ಫೋಟೋ ಎಷ್ಟೋ ಅಷ್ಟೇ. ಆದ್ರ ಜೆಪೆಗ್ ಎಡಿಟ್ ಮಾಡಿ ಸೇವ್ ಮಾಡಿದ್ರ ಒಳಗ ಪೂರಾ ಬದಲಾಗ್ತದ, ಅಲ್ಲಿ ಈ ಜಾದೂ ನಡ್ಯಲ್ಲ.

ಟೈಮ್ ಆಯ್ತು, ಉಳಿದದ್ದು ಓಡಸ್ತೀನಿ. ಪಾಸ್‌ವರ್ಡ್ ಮರತ್ರ ಡೇಟಾ ಹೋತು, ಮಾಡಿದವ್ರಿಗೂ ತೆಗೀಲಾಕ ಬರಲ್ಲ, ಕಾಗದದ ಮ್ಯಾಲ ಬರದು ಬ್ಯಾರೆ ಮನ್ಯಾಗ ಇಡ್ರಿ. ಹಳೇ ಬ್ಯಾಕಪ್ ಅಳಸ್ಲಾಕ ರೆಸ್ಟಿಕ್‌ನಾಗ ಫರ್ಗೆಟ್ ಅನ್ನೋ ಕಮಾಂಡ್, ಜೊತಿಗೆ ಪ್ರೂನ್, ನಾ ದಿನದ್ದು 7, ವಾರದ್ದು 4, ತಿಂಗಳದ್ದು 12 ಇಟ್ಕೋತೀನಿ. ವೈರಸ್ ಬಂದು ಬ್ಯಾಕಪ್ಪೂ ಅಳಸಬಾರದು ಅಂದ್ರ ಲ್ಯಾಪ್‌ಟಾಪಿನಾಗ ರೆಸ್ಟಿಕ್ ಜೊತಿ ನಡಿಯೋ ರೆಸ್ಟ್-ಸರ್ವರ್ ಅನ್ನೋ ಸಾಫ್ಟ್‌ವೇರ್ ಹಾಕಿ ಅಪೆಂಡ್-ಓನ್ಲಿ ಮಾಡ್ರಿ, ಆಗ ಉಳಿದ ಕಂಪ್ಯೂಟರ್‌ಗಳಿಂದ ಸೇರಸ್ಲಾಕ ಬರ್ತದ, ಅಳಸ್ಲಾಕ ಬರಲ್ಲ. ಸಿಡಿಲು ಬಡದ್ರ ಎಲ್ಲಾ ಒಮ್ಮೆಲೇ ಹೋಗ್ತಾವ, ಇನ್ನೊಂದು ಡಿಸ್ಕು ಬ್ಯಾರೆ ಊರಾಗ ಇರಲಿ.

ಮತ್ತ ರಿಸ್ಟೋರ್ ಮಾಡಿ ನೋಡದ ಬ್ಯಾಕಪ್ಪಿಗೆ ನಾ ಬ್ಯಾಕಪ್ಪೇ ಅನ್ನಲ್ಲ. ಸ್ಕ್ರೀನ್ ನೋಡ್ರಿ, ನಮ್ಮವ್ವ ಉಪ್ಪಿನಕಾಯಿ ಅಳತಿ ಬರದ ಚೀಟಿ ಫೋಟೋ, ಬೇಕಂತಲೇ ಅಳಸೀನಿ. ರಿಸ್ಟೋರ್ ಕೊಟ್ಟೆ. ಪಾಸ್‌ವರ್ಡ್... ತಪ್ಪಾಯ್ತು, ತಡೀರಿ, ಮತ್ತೊಮ್ಮೆ. ಹಾಂ, ಬಂತು: ಮಾವಿನಕಾಯಿ 100, ಉಪ್ಪು... ಮುಂದಿಂದು ಮುಚ್ತೀನಿ, ಅವ್ವ ಬೈತಾಳ.