ಬಾಗಿಲ ಹೊರಗೆ ಯಾರೋ ಬಂದಿದ್ದಾರೆ

ಕೇಳುಗರಿಗೆ ನಮಸ್ಕಾರ. ಸಂಜೆ ರೇಡಿಯೊ ಹಾಕಿಕೊಂಡು ಅಡುಗೆಗೆ ತರಕಾರಿ ಹೆಚ್ಚುತ್ತಿರುವ ನಿಮಗೇ ಈ ಮಾತು.

ಬ್ರೆಜಿಲ್‌ನಲ್ಲಿ 1964ರಿಂದ 1985ರವರೆಗೆ ಸೇನೆಯ ಆಳ್ವಿಕೆ ಇತ್ತು. ಆ ಕಾಲದ ಬಗ್ಗೆ ಸಿನಿಮಾ ಅಂದ ತಕ್ಷಣ ಟ್ಯಾಂಕು, ಬಂದೂಕು ನೆನಪಾಗುತ್ತವೆ, ಅಲ್ವಾ? ಸ್ವಲ್ಪ ಅದನ್ನು ಬಿಡಿ. ಅಲ್ಲಿನ ಒಳ್ಳೆಯ ನಿರ್ದೇಶಕರು ಕ್ಯಾಮೆರಾ ಇಟ್ಟದ್ದು ಮನೆಯೊಳಗೆ, ಕಾದು ಕೂತವರ ಪಕ್ಕದಲ್ಲಿ. ಇವತ್ತು ನಾನು ಹೇಳಬೇಕಾದದ್ದು ಇಷ್ಟೇ.

ನನಗೆ ತುಂಬಾ ಇಷ್ಟವಾದ ಒಂದು ಸಿನಿಮಾದ ಕಥೆ ಕೇಳಿ. ಈಶಾನ್ಯ ಬ್ರೆಜಿಲ್‌ನಲ್ಲಿ ಜೊವಾಂವ್ ಪೆದ್ರೊ ತೆಶೇರಾ ಎಂಬ ರೈತ ಮುಖಂಡರಿದ್ದರು. 1962ರಲ್ಲಿ ಅವರನ್ನು ಕೊಂದರು. ಎರಡು ವರ್ಷದ ಮೇಲೆ ನಿರ್ದೇಶಕ ಎದ್ವಾರ್ದೊ ಕೌಟಿನ್ಹೊ ಆ ಕಥೆಯನ್ನು ಸಿನಿಮಾ ಮಾಡಲು ಹೊರಟರು. ನಟಿಸಿದವರು ರೈತರೇ. ಹೆಂಡತಿಯ ಪಾತ್ರಕ್ಕೆ ಸ್ವತಃ ಅವರ ಹೆಂಡತಿ ಎಲಿಜಾಬೆತ್. ಶೂಟಿಂಗ್ ಶುರುವಾಗಿ ಐದು ವಾರ ಆಗಿತ್ತು, ಅಷ್ಟರಲ್ಲಿ ಸೇನೆ ಅಧಿಕಾರ ಹಿಡಿಯಿತು. ಸೈನಿಕರು ಶೂಟಿಂಗ್ ಜಾಗಕ್ಕೇ ನುಗ್ಗಿ ಸಾಮಾನೆಲ್ಲ ಹೊತ್ತೊಯ್ದರು. ಕೆಲವರನ್ನು ಬಂಧಿಸಿದರು. ಆಗ ತೆಗೆಯುತ್ತಿದ್ದ ದೃಶ್ಯದಲ್ಲಿ ಎಲಿಜಾಬೆತ್ ಹೇಳುವ ಮಾತು ಏನು ಗೊತ್ತಾ? "ಹೊರಗೆ ಯಾರೋ ಇದ್ದಾರೆ."

ಪುಣ್ಯಕ್ಕೆ, ಬಹುಪಾಲು ರೀಲುಗಳು ಅಷ್ಟರಲ್ಲಿ ರಿಯೊದ ಲ್ಯಾಬ್ ಸೇರಿದ್ದವು. ಅವು ಉಳಿದುಕೊಂಡವು.

ಹದಿನೇಳು ವರ್ಷ ಕಳೆಯಿತು. 1981ರಲ್ಲಿ ಕೌಟಿನ್ಹೊ ಕ್ಯಾಮೆರಾ ಹಿಡಿದು ಎಲಿಜಾಬೆತ್ ಅವರನ್ನು ಹುಡುಕಿಕೊಂಡು ಹೋದರು. ಆಕೆ ಸಾಂವ್ ರಫಾಯೆಲ್ ಎಂಬ ಸಣ್ಣ ಊರಿನಲ್ಲಿ ಮಾರ್ತಾ ಎಂದು ಹೆಸರು ಬದಲಿಸಿಕೊಂಡು, ಊರ ಮಕ್ಕಳಿಗೆ ಅಕ್ಷರ ಕಲಿಸುತ್ತ ಬದುಕುತ್ತಿದ್ದರು. ಹನ್ನೊಂದು ಮಕ್ಕಳ ತಾಯಿ. ಜೊತೆಗೆ ಉಳಿದಿದ್ದವನು ಒಬ್ಬನೇ ಮಗ. ಮೊದಲ ದಿನ ಆಕೆ ಅಳೆದು ತೂಗಿ ಮಾತಾಡುತ್ತಾರೆ. ಸಿನಿಮಾದ ಕೊನೆಗೆ ತಂಡ ವಾಹನ ಹತ್ತಿ ಹೊರಟಿದೆ, ಆಕೆ ಪಕ್ಕದಲ್ಲೇ ನಿಂತಿದ್ದಾರೆ, ಮಾತು ನಿಲ್ಲುತ್ತಲೇ ಇಲ್ಲ. ಹೋರಾಟ ಮುಗಿದಿಲ್ಲ ಅನ್ನುತ್ತಾರೆ. ಆ ಮುಖ ನೋಡಬೇಕು ನೀವು! 1984ರಲ್ಲಿ ಸಿನಿಮಾ ತೆರೆಗೆ ಬಂತು.

ಅಯ್ಯೋ, ಸಮಯ ಓಡಿಬಿಟ್ಟಿತು. ಉಳಿದದ್ದನ್ನು ಬೇಗ ಹೇಳುತ್ತೇನೆ. 'ಪ್ರಾ ಫ್ರೆಂಚಿ, ಬ್ರಸಿಲ್' ಸಿನಿಮಾದಲ್ಲಿ ಏನೂ ಅರಿಯದ ಒಬ್ಬನನ್ನು ಹಿಡಿದು ಹಿಂಸಿಸುತ್ತಾರೆ, ಹೊರಗೆ ಊರಿಗೆ ಊರೇ 1970ರ ವಿಶ್ವಕಪ್ ಫುಟ್‌ಬಾಲ್ ಗುಂಗಿನಲ್ಲಿರುತ್ತದೆ. ಅದೇ ವಿಶ್ವಕಪ್ ಸಮಯದ ಇನ್ನೊಂದು ಸಿನಿಮಾದಲ್ಲಿ, ರಜೆಗೆ ಹೋಗಿದ್ದೇವೆ ಎಂದು ಹೇಳು ಅಂದು ತಲೆಮರೆಸಿಕೊಂಡ ಅಪ್ಪ ಅಮ್ಮನ ಫೋನಿಗಾಗಿ ಪುಟ್ಟ ಹುಡುಗ ಕಾಯುತ್ತಾನೆ. "ಹೋರಾಟ ಎಲ್ಲಿದೆ ಇದರಲ್ಲಿ?" ಎಂದು ನನ್ನನ್ನು ಕೇಳುವವರಿದ್ದಾರೆ. ಕಾಯುವುದು ಕಡಿಮೆ ಕಷ್ಟವೇನ್ರೀ?

2025ರಲ್ಲಿ ಆಸ್ಕರ್ ಗೆದ್ದ ವಾಲ್ಟರ್ ಸಾಲೆಸ್ ಸಿನಿಮಾ ಗೊತ್ತಲ್ಲ? ಅಲ್ಲೂ ಮನೆ ಬಾಗಿಲಿಗೆ ಯಾರೋ ಬರುತ್ತಾರೆ. 1971ರ ಜನವರಿ, ರಿಯೊ ನಗರ. ಮಾಜಿ ಸಂಸದ ರೂಬೆನ್ಸ್ ಪೈವಾ ಅವರನ್ನು ಕರೆದೊಯ್ದವರು ವಾಪಸ್ ಕಳಿಸಲೇ ಇಲ್ಲ. ಹೆಂಡತಿ ಯುನಿಸಿ ಐದು ಮಕ್ಕಳನ್ನು ಸಾಕಿದರು, ಓದಿ ವಕೀಲರಾದರು. ಗಂಡನ ಮರಣಪತ್ರ ಕೈಗೆ ಸಿಕ್ಕಿದ್ದು 1996ರಲ್ಲಿ. ಆ ಕಾಗದ ಎತ್ತಿ ಹಿಡಿದು ಅವರು ನಗುತ್ತಾರೆ.