ಮೆಡಿಟರೇನಿಯನ್ನಿನಲ್ಲಿ ಮುಳುಗುವುದಾದರೆ ಎಲ್ಲಿ?

ಕೇಳುಗರೆಲ್ಲರಿಗೂ ನಮಸ್ಕಾರ.

ಮುರ್ಡೇಶ್ವರದ ಬಳಿಯ ನೇತ್ರಾಣಿಯಲ್ಲೋ ಅಂಡಮಾನಿನಲ್ಲೋ ಸ್ಕೂಬಾ ಡೈವಿಂಗ್ ಕಲಿತು, ಓಪನ್ ವಾಟರ್ ಕಾರ್ಡ್ ಎಂಬ ಮೊದಲ ಹಂತದ ಅರ್ಹತಾಪತ್ರ ಪಡೆದಿರುವ ಕನ್ನಡಿಗರು ಈಗ ವಿರಳವೇನಲ್ಲ. ಮಳೆಗಾಲದ ಅಬ್ಬರಕ್ಕೆ ನಮ್ಮ ಕರಾವಳಿಯಲ್ಲಿ ಡೈವಿಂಗ್ ದೋಣಿಗಳು ದಡ ಸೇರುವ ತಿಂಗಳುಗಳೇ ಮೆಡಿಟರೇನಿಯನ್ ಸಮುದ್ರಕ್ಕೆ ಬೇಸಿಗೆಯ ತಿಂಗಳುಗಳಾದ್ದರಿಂದ, ಯುರೋಪಿಗೆ ರಜೆಗೆ ಹೋಗುವವರಿಗೂ ಅಲ್ಲಿಯೇ ನೆಲೆಸಿರುವ ನಮ್ಮವರಿಗೂ ಆ ಸಮುದ್ರದಲ್ಲಿ ಮುಳುಗುವ ಆಸೆ ಹುಟ್ಟುವುದು ಸಹಜ. ಅಂಥವರು ಸಾಮಾನ್ಯವಾಗಿ ಮೊದಲು ದೇಶವನ್ನು ಆರಿಸಿ, ಹೋಟೆಲನ್ನು ಗೊತ್ತುಮಾಡಿ, ಆಮೇಲೆ ಡೈವಿಂಗ್ ಕೇಂದ್ರವನ್ನು ಹುಡುಕುತ್ತಾರೆ. ಈ ಕ್ರಮ ತಿರುಗುಮುರುಗು ಆಗಬೇಕೆಂಬುದು ನನ್ನ ಅಭಿಪ್ರಾಯ. ನಿಮ್ಮ ಕಾರ್ಡು ಎಷ್ಟು ಆಳಕ್ಕೆ ಒಪ್ಪುತ್ತದೆ, ಅಷ್ಟು ಆಳದೊಳಗೆ ಆ ಜಾಗದಲ್ಲಿ ನೋಡಲು ಏನಿದೆ ಎಂಬುದು ಮೊದಲು ತೀರ್ಮಾನವಾಗಬೇಕು; ಊರು ತಾನಾಗಿಯೇ ಗೊತ್ತಾಗುತ್ತದೆ.

ಒಂದು ನಿರೀಕ್ಷೆಯನ್ನು ಮಾತ್ರ ಮನೆಯಲ್ಲೇ ಬಿಟ್ಟು ಹೊರಡಬೇಕು. ಅಂಡಮಾನಿನಲ್ಲಿ ಕಾಣುವಂಥ ಹವಳದ ದಿಬ್ಬಗಳು ಮೆಡಿಟರೇನಿಯನ್ನಿನಲ್ಲಿ ಇಲ್ಲ. ಅಲ್ಲಿರುವುದು ಸುಣ್ಣಕಲ್ಲಿನ ಗೋಡೆಗಳು, ಗುಹೆಗಳು, ಪೊಸಿಡೋನಿಯಾ ಓಷಿಯಾನಿಕಾ ಎಂಬ, ಆ ಸಮುದ್ರವನ್ನು ಬಿಟ್ಟು ಬೇರೆಲ್ಲೂ ಬೆಳೆಯದ ಹೂಬಿಡುವ ಜಲಸಸ್ಯದ ಹಸಿರು ಬಯಲುಗಳು, ಮುಳುಗಿದ ಹಡಗುಗಳು. ನಮ್ಮ ಉಂಗುರಗಳಲ್ಲಿ ಕೂರಿಸುವ ಕೆಂಪು ಹವಳ ಆ ಸಮುದ್ರದ್ದೇ ಹೌದು. ರೋಮನ್ನರು ಭಾರತದ ಮುತ್ತಿಗೆ ಎಷ್ಟು ಬೆಲೆ ಕೊಡುತ್ತಾರೋ ಭಾರತೀಯರು ಹವಳಕ್ಕೆ ಅಷ್ಟೇ ಬೆಲೆ ಕೊಡುತ್ತಾರೆಂದು ಮೊದಲನೆಯ ಶತಮಾನದಲ್ಲಿಯೇ ರೋಮಿನ ಲೇಖಕ ಪ್ಲಿನಿ ಬರೆದಿದ್ದಾನೆ. ಆದರೆ ಅದು ಗುಹೆಗಳ ನೆರಳಿನಲ್ಲಿ, ಬಂಡೆಯ ಚಾಚುಗಳ ಅಡಿಯಲ್ಲಿ ಬಹಳ ನಿಧಾನವಾಗಿ ಬೆಳೆಯುವ ಜೀವಿ. ಟಾರ್ಚ್ ಹಿಡಿದು ಹುಡುಕಿದರೆ ಮಾತ್ರ ಅದರ ಕೆಂಪು ಕಾಣುತ್ತದೆ.

ಇನ್ನು ಆಳದ ಮಾತು. ಓಪನ್ ವಾಟರ್ ಕಾರ್ಡಿನ ಮಿತಿ 18 ಮೀಟರ್, ಅದರ ಮುಂದಿನ ಹಂತವಾದ ಅಡ್ವಾನ್ಸ್ಡ್ ಕಾರ್ಡಿನ ಮಿತಿ 30 ಮೀಟರ್. ಸೈಪ್ರಸ್‌ನ ಲಾರ್ನಕಾ ಬಂದರಿನ ಎದುರಿಗೆ ಮಲಗಿರುವ ಝೆನೋಬಿಯಾ ಎಂಬ ಹಡಗನ್ನೇ ನೋಡೋಣ. ಸ್ವೀಡನ್ನಿನಲ್ಲಿ ಕಟ್ಟಿದ, ನೂರಕ್ಕೂ ಹೆಚ್ಚು ಲಾರಿಗಳನ್ನು ಹೊತ್ತು ಸಿರಿಯಾದ ಕಡೆಗೆ ಹೊರಟಿದ್ದ ಈ ದೊಡ್ಡ ಫೆರ್ರಿ, ಸಮತೋಲನಕ್ಕಾಗಿ ತಳದ ತೊಟ್ಟಿಗಳಿಗೆ ನೀರು ತುಂಬುವ ವ್ಯವಸ್ಥೆ ಕೆಟ್ಟು, ತನ್ನ ಮೊದಲ ಯಾನದಲ್ಲಿಯೇ 1980ರ ಜೂನ್ ತಿಂಗಳಲ್ಲಿ ಒಂದು ಮಗ್ಗುಲಿಗೆ ವಾಲಿ ಮುಳುಗಿತು. ಜಗತ್ತಿನ ಹೆಸರಾಂತ ಡೈವಿಂಗ್ ತಾಣಗಳ ಪಟ್ಟಿಯಲ್ಲಿ ಇದರ ಹೆಸರು ತಪ್ಪದೆ ಇರುತ್ತದೆ. ಆದರೆ ಹಡಗು ಮಲಗಿರುವ ತಳ 42 ಮೀಟರ್ ಆಳದಲ್ಲಿದೆ. ಮೇಲ್ಮುಖವಾಗಿರುವ ಮಗ್ಗುಲು ಸುಮಾರು 17 ಮೀಟರಿಗೆ ಸಿಗುತ್ತದೆ. ಎಂದರೆ ಓಪನ್ ವಾಟರ್ ಕಾರ್ಡಿನವರು ಕಾಣುವುದು ಹಡಗಿನ ಹೊಟ್ಟೆಯ ಅಗಲವಾದ ಉಕ್ಕಿನ ಗೋಡೆಯನ್ನಷ್ಟೆ. ಒಳಗಿನ ಲಾರಿಗಳಿಗೂ ಕೆಳಗಿನ ಮರಳಿನಲ್ಲಿ ಚೆದುರಿಬಿದ್ದ ಸರಕಿಗೂ ಇನ್ನೂ ಕೆಳಗಿಳಿಯಬೇಕು, ಅದಕ್ಕೆ ತಕ್ಕ ತರಬೇತಿಯೂ ಬೇಕು. ಈ ಹಡಗಿನೊಳಗೆ ಹೊಕ್ಕು ಪ್ರಾಣ ಕಳೆದುಕೊಂಡವರಿದ್ದಾರೆ ಎಂಬುದನ್ನು ಮರೆಯುವಂತಿಲ್ಲ.

ಹೊಸಬರಿಗೆ ಮಾಲ್ಟಾ ಹೆಚ್ಚು ಒಗ್ಗುತ್ತದೆ. ದ್ವೀಪ ಚಿಕ್ಕದು, ಒಂದು ಕಡೆ ಗಾಳಿಯೆದ್ದು ಅಲೆ ಏರಿದರೆ ಸಲಕರಣೆಗಳನ್ನು ವ್ಯಾನಿಗೆ ಹಾಕಿಕೊಂಡು ಇನ್ನೊಂದು ದಡಕ್ಕೆ ಹೋದರಾಯಿತು. ದೋಣಿಯ ಹಂಗಿಲ್ಲದೆ ದಡದಿಂದಲೇ ಇಳಿಯುವ ಜಾಗಗಳು ಬೇಕಾದಷ್ಟಿವೆ. ಪಕ್ಕದ ಗೋಜೋ ದ್ವೀಪದ ದ್ವೇಯ್ರಾದಲ್ಲಿ ಬ್ಲೂ ಹೋಲ್ ಎಂಬ, ಬಂಡೆಗಳ ನಡುವಿನ ಬಾವಿಯಂಥ ಮಡುವಿದೆ. ಅದರೊಳಗೆ ಇಳಿದು, ನೀರಡಿಯ ಕಮಾನೊಂದನ್ನು ದಾಟಿದರೆ ಕಡು ನೀಲಿಯ ತೆರೆದ ಸಮುದ್ರ. ಅಲ್ಲಿಯೇ ದಡದಲ್ಲಿ ನಿಂತಿದ್ದ, ಪ್ರವಾಸಿ ಚಿತ್ರಗಳಿಂದ ಪ್ರಸಿದ್ಧವಾಗಿದ್ದ ಅಝೂರ್ ವಿಂಡೋ ಎಂಬ ಕಲ್ಲಿನ ಹೆಬ್ಬಾಗಿಲು 2017ರ ಮಾರ್ಚ್ 8ರ ಬಿರುಗಾಳಿಗೆ ಕುಸಿದುಬಿತ್ತು. ಮೇಲಿನಿಂದ ನೋಡುವವರಿಗೆ ಅದು ನಷ್ಟವೇ ಸರಿ. ಮುಳುಗುವವರಿಗೆ ಮಾತ್ರ ಅದರ ಮನೆಗಾತ್ರದ ತುಂಡುಗಳು ಹೊಸ ತಾಣವಾದವು.

ಮೀನು ನೋಡಲೆಂದೇ ಹೋಗುವವರು ಆ ಜಾಗದಲ್ಲಿ ಮೀನುಗಾರಿಕೆಗೆ ಕಡಿವಾಣ ಬಿದ್ದು ಎಷ್ಟು ವರ್ಷವಾಯಿತೆಂದು ವಿಚಾರಿಸಬೇಕು. ಸಾವಿರಾರು ವರ್ಷಗಳಿಂದ ಬಲೆ ಬೀಸಿಸಿಕೊಂಡ ಸಮುದ್ರವಿದು. ರಕ್ಷಣೆಯಿಲ್ಲದ ಕಡೆ ನೀರು ಸ್ಫಟಿಕದಷ್ಟು ತಿಳಿಯಾಗಿದ್ದರೂ ದೊಡ್ಡ ಮೀನು ಕಾಣುವುದು ಅಪರೂಪ. ಸ್ಪೇನಿನ ಲೆಸ್ತಾರ್ತಿತ್ ಊರಿನೆದುರಿನ ಮೆಡೆಸ್ ದ್ವೀಪಗಳ ಸುತ್ತ 1983ರಿಂದ ರಕ್ಷಣೆಯಿದೆ. ಫ್ರಾನ್ಸಿನ ಪೋರ್ಟ್-ಕ್ರೋ 1963ರಲ್ಲೇ ರಾಷ್ಟ್ರೀಯ ಉದ್ಯಾನವಾಯಿತು. ಸಿಸಿಲಿಯ ಉತ್ತರಕ್ಕಿರುವ ಉಸ್ತಿಕಾ ದ್ವೀಪ 1986ರಲ್ಲಿ ಸಾಗರ ಮೀಸಲು ಪ್ರದೇಶವಾಯಿತು. ಇಂಥ ಕಡೆ ಗ್ರೂಪರ್ ಮೀನು ಮನುಷ್ಯನಿಗೆ ಹೆದರುವುದನ್ನೇ ಬಿಟ್ಟಿರುತ್ತದೆ. ಕಂದು ಮೈಮೇಲೆ ಬಿಳಿಚಿದ ಮಚ್ಚೆಗಳು, ದಪ್ಪ ಕೆಳತುಟಿ. ತನ್ನ ಬಿಲದ ಬಾಯಲ್ಲಿ ನಿಂತು, ಬಂದವರನ್ನು ಕಣ್ಣು ಹೊರಳಿಸಿ ನೋಡುತ್ತದೆ. ಈ ಮೀನು ಹೆಣ್ಣಾಗಿ ಬೆಳೆದು, ವಯಸ್ಸಾದ ಮೇಲೆ ದೊಡ್ಡ ಗಾತ್ರಕ್ಕೆ ಬಂದಾಗ ಗಂಡಾಗುತ್ತದೆ. ಹೀಗಾಗಿ ದೊಡ್ಡವನ್ನೇ ಆರಿಸಿ ಹಿಡಿದ ಕಡೆ ಗಂಡುಗಳೇ ಉಳಿಯದೆ ಸಂತತಿ ಕುಗ್ಗುತ್ತದೆ, ಅದು ಚೇತರಿಸಿಕೊಳ್ಳಲು ದಶಕಗಳೇ ಬೇಕು. ಮೆಡೆಸ್‌ನಲ್ಲಿ ದಿನಕ್ಕೆ ಇಷ್ಟೇ ಜನ ಎಂಬ ಮಿತಿಯಿರುವುದರಿಂದ ಮುಂಚಿತವಾಗಿ ಹೆಸರು ಕೊಟ್ಟಿರುವುದು ಲೇಸು.

ಸೈಪ್ರಸ್, ಟರ್ಕಿಯ ಕಡೆಗೆ ಹೋದರೆ ನಮ್ಮವರಿಗೆ ಪರಿಚಿತವೆನಿಸುವ ಮುಖವೊಂದು ಎದುರಾಗುತ್ತದೆ: ಪಟ್ಟೆ ಪಟ್ಟೆಯ ಲಯನ್‌ಫಿಶ್. 1869ರಲ್ಲಿ ತೆರೆದ ಸೂಯೆಜ್ ಕಾಲುವೆಯ ಮೂಲಕ ಕೆಂಪು ಸಮುದ್ರದಿಂದ ಒಳನುಗ್ಗಿದ ನೂರಾರು ಜೀವಿಗಳಲ್ಲಿ ಇದೂ ಒಂದು. ನೋಡಲು ಚೆಂದವಾದರೂ ಅಲ್ಲಿನ ಮರಿಮೀನುಗಳಿಗೆ ಅದು ಯಮನೇ. ಅದರ ಮುಳ್ಳುಗಳಲ್ಲಿ ವಿಷವಿರುವುದರಿಂದ ನೀವೂ ದೂರವಿರಿ.

ಆಳಕ್ಕೆ ಇಳಿಯುವ ಹಂಬಲವಿಲ್ಲದೆ ಇತಿಹಾಸದಲ್ಲಿ ಆಸಕ್ತಿಯಿರುವವರಿಗೆ ನಾನು ಹಿಂದೆಮುಂದೆ ನೋಡದೆ ಹೇಳುವ ಹೆಸರು ನೇಪಲ್ಸ್ ಬಳಿಯ ಬಾಯಿಯಾ. ಜ್ವಾಲಾಮುಖಿ ಪ್ರದೇಶವಾದ್ದರಿಂದ ಅಲ್ಲಿನ ನೆಲ ಶತಮಾನಗಳಿಂದ ಏರುತ್ತ ಇಳಿಯುತ್ತ ಬಂದಿದ್ದು, ರೋಮನ್ ಶ್ರೀಮಂತರ ವಿಹಾರಧಾಮಗಳು ಈಗ ಐದಾರು ಮೀಟರ್ ನೀರಿನಡಿ ಇವೆ. ಮಾರ್ಗದರ್ಶಕ ಅಂಗೈಯಿಂದ ಮೆಲ್ಲಗೆ ನೀರನ್ನು ಬೀಸಿ ಮರಳು ಸರಿಸಿದಂತೆ ಕಪ್ಪು ಬಿಳಿ ಕಲ್ಲಿನ ಚೂರುಗಳನ್ನು ಒತ್ತಾಗಿ ಜೋಡಿಸಿದ ನೆಲಹಾಸು ತೆರೆದುಕೊಳ್ಳುತ್ತದೆ. ಎಲ್ಲರೂ ನೋಡಿದ ಮೇಲೆ, ಸವೆಯದಿರಲೆಂದು, ಅದನ್ನು ಮತ್ತೆ ಮರಳಿನಿಂದಲೇ ಮುಚ್ಚುತ್ತಾರೆ. ಅಲ್ಲಿ ನಿಂತಿರುವ ಪ್ರತಿಮೆಗಳು ನಕಲು. ಅಸಲು ಪ್ರತಿಮೆಗಳು ದಡದ ಕೋಟೆಯ ವಸ್ತುಸಂಗ್ರಹಾಲಯದಲ್ಲಿವೆ.

ತಿಂಗಳ ವಿಷಯದಲ್ಲಿ ನನ್ನ ಮತ ಸೆಪ್ಟೆಂಬರ್ ಕಡೆಗೆ. ಜುಲೈ, ಆಗಸ್ಟ್‌ನಲ್ಲಿ ಗ್ರೀಸಿನ ಏಜಿಯನ್ ಭಾಗಕ್ಕೆ ಮೆಲ್ತೆಮಿ ಎಂಬ ಉತ್ತರದ ಗಾಳಿ ಬಲವಾಗಿ ಬೀಸುತ್ತದೆ, ದಡಗಳಲ್ಲಿ ಜನಸಂದಣಿಯೂ ವಿಪರೀತ. ಸೆಪ್ಟೆಂಬರಿನಲ್ಲಿ ನೀರು ಬೇಸಿಗೆಯ ಬಿಸುಪನ್ನು ಉಳಿಸಿಕೊಂಡಿರುತ್ತದೆ. ಹಾಗೆಂದು ಮೇಲ್ಮೈಯ ಬಿಸುಪನ್ನು ನಂಬಬಾರದು. ಸ್ವಲ್ಪ ಕೆಳಗಿಳಿದರೆ ಗೆರೆ ಎಳೆದಂತೆ ತಣ್ಣೀರಿನ ಪದರ ಶುರುವಾಗುತ್ತದೆ. ನೇತ್ರಾಣಿಯ ತೆಳುವಾದ ಸೂಟು ಅಲ್ಲಿ ಸಾಲದು, ಐದು ಮಿಲಿಮೀಟರ್ ದಪ್ಪದ ವೆಟ್‌ಸೂಟನ್ನೇ ಕೇಳಿ ಪಡೆಯಬೇಕು. ಸ್ಪೇನಿನಂಥ ದೇಶಗಳಲ್ಲಿ ವೈದ್ಯರ ಪ್ರಮಾಣಪತ್ರವನ್ನೂ ವಿಮೆಯನ್ನೂ ಕೇಳುವುದು ವಾಡಿಕೆ. ಸಾಮಾನ್ಯ ಪ್ರವಾಸ ವಿಮೆಗಳಲ್ಲಿ ಡೈವಿಂಗ್ ಸೇರಿಲ್ಲದಿರುವುದೂ ಉಂಟು, ಆದ್ದರಿಂದ ಷರತ್ತುಗಳನ್ನು ಹೊರಡುವ ಮೊದಲೇ ಓದಿಕೊಳ್ಳಿ.

ದಿನಗಳನ್ನು ಜೋಡಿಸುವಾಗ ಕೊನೆಯ ಮುಳುಗಿಗೂ ವಿಮಾನ ಹತ್ತುವುದಕ್ಕೂ ನಡುವೆ ಕನಿಷ್ಠ 18 ಗಂಟೆ ಬಿಡಬೇಕು. ಇಲ್ಲದಿದ್ದರೆ ರಕ್ತದಲ್ಲಿ ಕರಗಿರುವ ಸಾರಜನಕ ಎತ್ತರದ ಕಡಿಮೆ ಒತ್ತಡದಲ್ಲಿ ಗುಳ್ಳೆಗಟ್ಟುವ ಅಪಾಯವಿದೆ. ಟರ್ಕಿಗೆ ಹೋದವರು ಆ ದಿನವನ್ನು ಬೋದ್ರುಮ್ ಕೋಟೆಗೆ ಮೀಸಲಿಡಬಹುದು. 1982ರಲ್ಲಿ ಸ್ಪಂಜು ತೆಗೆಯಲು ಇಳಿದವನೊಬ್ಬನ ಕಣ್ಣಿಗೆ ಬಿದ್ದ, ಮೂರು ಸಾವಿರ ವರ್ಷಗಳಿಗೂ ಹಳೆಯದಾದ ಉಲುಬುರುನ್ ಹಡಗಿನ ತಾಮ್ರದ ಗಟ್ಟಿಗಳನ್ನೂ ಗಾಜಿನ ಬಿಲ್ಲೆಗಳನ್ನೂ ಅಲ್ಲಿ ಇರಿಸಿದ್ದಾರೆ.

ನಮಸ್ಕಾರ.