ಕಾಲುದಾರಿಯೂ ಇಲ್ಲದ ಕಡೆಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ಎಲ್ಲಿಗೇ ಹೊರಟರೂ ನಾವು ಮೊದಲು ಕೇಳುವುದು ರಸ್ತೆ ಹೇಗಿದೆ ಅಂತ, ಅಲ್ವಾ? ಇವತ್ತು ನಾನು ಹೇಳುವ ಜಾಗಕ್ಕೆ ರಸ್ತೆಯೇ ಇಲ್ಲ. ಒಳಗೆ ಇಳಿದ ಮೇಲೆ ಕಾಲುದಾರಿಯೂ ಇಲ್ಲ. ಅಮೆರಿಕದ ಅಲಾಸ್ಕಾದಲ್ಲಿರುವ ಗೇಟ್ಸ್ ಆಫ್ ದಿ ಆರ್ಕ್ಟಿಕ್ ರಾಷ್ಟ್ರೀಯ ಉದ್ಯಾನ ಅದು. ಪೂರ್ತಿ ಆರ್ಕ್ಟಿಕ್ ವೃತ್ತದ ಉತ್ತರಕ್ಕೇ ಇದೆ. ಅದರ ಹರವು ಸುಮಾರು 34,000 ಚದರ ಕಿಲೋಮೀಟರ್.

1930ರ ಆಸುಪಾಸಿನಲ್ಲಿ ಬಾಬ್ ಮಾರ್ಷಲ್ ಎಂಬ ಅಮೆರಿಕದ ಅರಣ್ಯ ತಜ್ಞರು ಕೊಯುಕುಕ್ ನದಿಯ ಉತ್ತರದ ಕವಲಿನ ಗುಂಟ ಹೋದರು. ನದಿಯ ಎರಡೂ ಕಡೆ ಎರಡು ಬೆಟ್ಟ ಎದುರುಬದುರು ನಿಂತಿದ್ದವು. ಅವು ಅವರ ಕಣ್ಣಿಗೆ ಉತ್ತರದ ಹೆಬ್ಬಾಗಿಲಾಗಿ ಕಂಡವು. ಉದ್ಯಾನಕ್ಕೆ ‘ಆರ್ಕ್ಟಿಕ್‌ನ ಬಾಗಿಲುಗಳು’ ಎಂಬ ಅರ್ಥದ ಹೆಸರು ಬಂದದ್ದು ಅಲ್ಲಿಂದ. 1980ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಆದರೆ ಅದಕ್ಕೂ ಎಷ್ಟೋ ಹಿಂದಿನಿಂದ ಕ್ಯಾರಿಬೂ ಎಂಬ ಜಿಂಕೆಗಳ ಹಿಂಡುಗಳನ್ನು ನಂಬಿ ಬದುಕಿದ ನುನಾಮಿಯುಟ್ ಜನ ಅಲ್ಲಿದ್ದಾರೆ. ಉದ್ಯಾನದ ನಡುವೆ ಅನಾಕ್ಟುವುಕ್ ಪಾಸ್ ಎಂಬ ಅವರ ಹಳ್ಳಿ ಇದೆ. ಅಲ್ಲಿ ನಾವು ನೆಂಟರು. ಕೇಳದೆ ಯಾರ ಫೋಟೋ ತೆಗೆಯುವುದೂ ಬೇಡ.

ಹೋಗುವುದು ಹೇಗೆ? ಅಲಾಸ್ಕಾದ ಫೇರ್‌ಬ್ಯಾಂಕ್ಸ್ ಊರಿನಿಂದ ಸಣ್ಣ ವಿಮಾನದಲ್ಲಿ ಬೆಟಲ್ಸ್ ಎಂಬ ಪುಟ್ಟ ಊರಿಗೆ ಹೋಗಬೇಕು. ಅಲ್ಲಿಂದ ನೀರಿನ ಮೇಲೆ ಇಳಿಯುವ ಇನ್ನೂ ಸಣ್ಣ ವಿಮಾನ ನಿಮ್ಮನ್ನು ಯಾವುದೋ ಕೆರೆಯ ಅಂಚಿನಲ್ಲಿ ಬಿಟ್ಟು ಹೊರಟು ಹೋಗುತ್ತದೆ. ಆ ಸದ್ದು ಅಡಗಿದ ಮೇಲೆ ನೀವು, ನಿಮ್ಮ ಚೀಲ, ಬೆಟ್ಟಗಳು. ಅಷ್ಟೇ.

ಇಲ್ಲೇ ನಾನು ಒತ್ತಿ ಹೇಳಬೇಕಾದ ಮಾತಿದೆ. ವಿಮಾನ ಹೇಳಿದ ದಿನಕ್ಕೆ ವಾಪಸ್ ಬರುತ್ತದೆ ಅಂತ ನಂಬಿ ಕೂರಬೇಡಿ. ಮೋಡ ಇಳಿದರೆ ಬರಲಾಗದು. ಒಂದು ದಿನ ತಡವಾಗಬಹುದು, ಮೂರು ದಿನವೂ ಆಗಬಹುದು. ಅದಕ್ಕೇ ಬೇಕಾದ್ದಕ್ಕಿಂತ ಮೂರು ನಾಲ್ಕು ದಿನದ ಊಟ ಜಾಸ್ತಿ ಇಟ್ಟುಕೊಳ್ಳಿ. ಮರುದಿನವೇ ಬೆಂಗಳೂರಿಗೆ ಟಿಕೆಟ್ ಮಾಡಿಸಿಟ್ಟರೆ ಅವಸರ ಬೀಳುತ್ತೀರಿ. ಅವಸರದಲ್ಲೇ ಜನ ಇಳಿಯಬಾರದ ಹೊಳೆಗೆ ಇಳಿಯುತ್ತಾರೆ. ಅಲ್ಲಿ ಸೇತುವೆಗಳಿಲ್ಲ. ಮಳೆ ಬಂದು ನೀರು ಏರಿದರೆ, ಇಳಿಯುವವರೆಗೆ ದಡದಲ್ಲೇ ಕಾಯಬೇಕು. ಕಾಯುವ ದಿನಗಳನ್ನೂ ಲೆಕ್ಕಕ್ಕೆ ಸೇರಿಸಿ.

ದಿನಕ್ಕೆ ಇಪ್ಪತ್ತು ಕಿಲೋಮೀಟರ್ ನಡೆಯುವವರು ನೀವಿರಬಹುದು. ಅಲ್ಲಿ ಎಂಟು ಹತ್ತು ನಡೆದರೆ ದೊಡ್ಡದು. ನೆಲದಡಿಯ ಮಣ್ಣು ವರ್ಷವಿಡೀ ಹೆಪ್ಪುಗಟ್ಟಿಯೇ ಇರುವುದರಿಂದ ನೀರು ಇಂಗುವುದಿಲ್ಲ. ಹಾಗಾಗಿ ಮೇಲೆಲ್ಲ ಕೆಸರು. ಕೆಸರಿನ ನಡುವೆ ಗುಂಡು ಗುಂಡಾದ ಹುಲ್ಲಿನ ಗುಪ್ಪೆಗಳು. ಮೇಲೆ ಕಾಲಿಟ್ಟರೆ ಓಲಾಡುತ್ತವೆ, ಪಕ್ಕದಲ್ಲಿಟ್ಟರೆ ಕಾಲು ಹೂತುಕೊಳ್ಳುತ್ತದೆ.

ಜೂನ್, ಜುಲೈನಲ್ಲಿ ಸೂರ್ಯ ವಾರಗಟ್ಟಲೆ ಮುಳುಗುವುದಿಲ್ಲ. ಸೊಳ್ಳೆಯೂ ಮುತ್ತಿಕೊಳ್ಳುತ್ತದೆ. ನನ್ನನ್ನು ಕೇಳಿದರೆ ಆಗಸ್ಟ್ ಕೊನೆಯ ಭಾಗ ಚೆಂದ. ಸೊಳ್ಳೆ ಕಡಿಮೆ, ನೆಲವೆಲ್ಲ ಕೆಂಪು ಹಳದಿ. ಚಳಿ ಮಾತ್ರ ಜಾಸ್ತಿ. ಹಿಮ ಯಾವ ತಿಂಗಳಲ್ಲಾದರೂ ಬೀಳಬಹುದು.

ಕರಡಿಗಳಿವೆ. ಊಟದ ಸಾಮಾನನ್ನು ಕರಡಿ ಒಡೆಯಲಾಗದ ಗಟ್ಟಿ ಡಬ್ಬಿಯಲ್ಲೇ ಇಡಬೇಕು. ಆ ಡಬ್ಬಿಯನ್ನು ಉದ್ಯಾನದವರೇ ಬಿಟ್ಟಿಯಾಗಿ ಎರವಲು ಕೊಡುತ್ತಾರೆ. ಒಲೆಯ ಗ್ಯಾಸನ್ನೂ ಕರಡಿ ಓಡಿಸುವ ಸ್ಪ್ರೇಯನ್ನೂ ದೊಡ್ಡ ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ. ಫೇರ್‌ಬ್ಯಾಂಕ್ಸ್‌ನಲ್ಲೇ ಕೊಂಡುಕೊಳ್ಳಿ. ಪ್ರವೇಶ ಶುಲ್ಕವಿಲ್ಲ. ಆದರೂ ಬೆಟಲ್ಸ್‌ನಲ್ಲಿ ಉದ್ಯಾನ ನೋಡಿಕೊಳ್ಳುವ ರೇಂಜರುಗಳ ಹತ್ತಿರ ಅರ್ಧ ಗಂಟೆ ಕೂತು ಮಾತಾಡಿಯೇ ಹೊರಡಿ.

ಅಲ್ಲಿ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಸ್ಯಾಟಲೈಟ್ ಫೋನ್ ಬಾಡಿಗೆಗೆ ತೆಗೆದುಕೊಳ್ಳಿ. ಜೊತೆಗೆ ಒಂದು ಚೀಟಿ ಬರೆಯಿರಿ. ಯಾವ ಕೆರೆಯಲ್ಲಿ ಇಳಿಯುತ್ತೀರಿ, ಯಾವ ಕಣಿವೆಯಲ್ಲಿ ನಡೆಯುತ್ತೀರಿ, ಯಾವ ದಿನ ದಾಟಿದರೆ ಯಾರಿಗೆ ಫೋನ್ ಮಾಡಬೇಕು ಅಂತ. ಅದನ್ನು ಮನೆಯವರ ಕೈಗೆ ಕೊಟ್ಟು, ನಿಮ್ಮೆದುರಿಗೇ ಒಂದು ಸಲ ಗಟ್ಟಿಯಾಗಿ ಓದಿಸಿ.

ನಮಸ್ಕಾರ.